ಮೊದಲು ನೀರು, ಆಮೇಲೆ ಹಾವು

ಯಾವುದಾದರೂ ದೊಡ್ಡ ಮೃಗಾಲಯದ ಸರೀಸೃಪ ವಿಭಾಗ. ಮಬ್ಬು ಬೆಳಕಿನ ಓಣಿ, ಎರಡೂ ಬದಿಗೆ ಗಾಜಿನ ತೊಟ್ಟಿಗಳು. ಹೆಬ್ಬಾವಿನ ಮುಂದೆ ಜನ ಮುಗಿಬಿದ್ದಿದ್ದಾರೆ. ಕಾಳಿಂಗದ ಎದುರು ಮೊಬೈಲುಗಳು ಸಾಲಾಗಿ ಮೇಲೆದ್ದಿವೆ. ಮೂಲೆಯ ಒಂದು ತೊಟ್ಟಿಯ ಹತ್ತಿರ ಮಾತ್ರ ಯಾರೂ ನಿಲ್ಲುವುದಿಲ್ಲ. ಚಹಾ ಡಿಕಾಕ್ಷನ್ ಬಣ್ಣದ ನೀರು, ತಳದಲ್ಲಿ ಕೊಳೆಯುತ್ತಿರುವ ಎಲೆ, ಒಂದೆರಡು ಬೇರು, ಅತ್ತಿತ್ತ ಓಡಾಡುವ ಗಪ್ಪಿ ಮೀನುಗಳು. ‘ಇದರೊಳಗೆ ಏನೂ ಇಲ್ಲಪ್ಪ’ ಎಂದು ಮಗುವೊಂದು ತಂದೆಯ ಕೈ ಹಿಡಿದು ಎಳೆಯುತ್ತದೆ.

ಅಷ್ಟರಲ್ಲಿ ಮೀನೊಂದು ಬೇರಿನ ಮುಂದೆ ಹಾದುಹೋಗುತ್ತದೆ; ಮರುಕ್ಷಣ ಅದು ಅಲ್ಲಿಲ್ಲ. ಬೇರು ಎಂದುಕೊಂಡದ್ದರ ತುದಿಯಲ್ಲಿ ಒಂದು ಸಣ್ಣ ಬಾಯಿ ಮುಚ್ಚಿಕೊಳ್ಳುತ್ತಿದೆ. ನಡುವೆ ಏನಾಯಿತೆಂದು ನೋಡಿದವರಿಗೂ ಗೊತ್ತಾಗುವುದಿಲ್ಲ.

ಅಲ್ಲಿರುವುದು ಆಗ್ನೇಯ ಏಷ್ಯಾದ ನೀರುಹಾವು, ವಿಜ್ಞಾನಿಗಳ ಎರ್ಪೆಟಾನ್ ಟೆಂಟಕ್ಯುಲೇಟಮ್. ಮೂತಿಯ ತುದಿಯಿಂದ ಮುಂದಕ್ಕೆ ಚಾಚಿದ, ಚಿಪ್ಪು ಹೊದ್ದ ಎರಡು ಮೆತ್ತನೆಯ ಎಳೆಗಳು ಇದರ ಗುರುತು. ಜಗತ್ತಿನಲ್ಲಿ ಇಂಥ ಜೋಡಿ ಎಳೆ ಇರುವ ಹಾವು ಇದೊಂದೇ. ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲದ ಕಾರಣ ಈ ಲೇಖನದಲ್ಲಿ ಮೀಸೆಹಾವು ಎಂದೇ ಕರೆಯೋಣ.

ವಿದೇಶಗಳಲ್ಲಿ ಹಾವು ಸಾಕುವ ಹವ್ಯಾಸಿಗಳು ಇದನ್ನು ಕೊಳ್ಳುತ್ತಾರೆ. ನೋಡಲು ವಿಚಿತ್ರ, ಮನುಷ್ಯರಿಗೆ ಅಪಾಯವಿಲ್ಲ, ಜಾಗವೂ ಹೆಚ್ಚು ಬೇಡ. ಅಂಗಡಿಯವನು ಹೇಳುವ ಈ ಮೂರೂ ಮಾತು ನಿಜ. ಆದರೂ ಇದು ಸಾಕುವುದಕ್ಕೆ ಸುಲಭದ ಹಾವಲ್ಲ. ಇದರ ಬದುಕೆಲ್ಲ ನೀರಿನೊಳಗೇ ಕಳೆಯುವುದರಿಂದ, ಸಾಕುವವರು ನಿಜವಾಗಿ ಸಾಕಬೇಕಾದದ್ದು ಆ ನೀರನ್ನು.

ಕೆಸರು ನೀರಿನ ಮನೆತನ

ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಂ ಇದರ ನೆಲೆ. ಹರಿವು ಕಡಿಮೆಯಿರುವ ಕಾಲುವೆ, ಜೊಂಡು ಬೆಳೆದ ಕೆರೆ, ನೀರು ನಿಂತ ಗದ್ದೆ, ಕೆಲವೆಡೆ ಸಮುದ್ರದ ಉಪ್ಪು ಸ್ವಲ್ಪ ಬೆರೆತ ಹಿನ್ನೀರು ಇದಕ್ಕೆ ಆಗಿಬರುತ್ತದೆ. ಹೋಮಲಾಪ್ಸಿಡೇ ಎಂಬ ಕುಟುಂಬಕ್ಕೆ ಸೇರಿದ ಹಾವಿದು. ಐವತ್ತಕ್ಕೂ ಹೆಚ್ಚು ಪ್ರಭೇದಗಳಿರುವ ಆ ಕುಟುಂಬ ಭಾರತ ಉಪಖಂಡದಿಂದ ಆಸ್ಟ್ರೇಲಿಯದ ಉತ್ತರ ತೀರದವರೆಗೆ ಹರಡಿದೆ. ನಮ್ಮ ಗದ್ದೆ ಬದುವಿನ ನೀರೊಳ್ಳೆ ಇದೇ ಕುಟುಂಬದ್ದಲ್ಲ. ನೀರಲ್ಲಿರುವ ಹಾವೆಲ್ಲ ಒಂದೇ ಜಾತಿ ಎಂದು ಎಷ್ಟೋ ಜನ ತಿಳಿದಿರುವುದರಿಂದ ಈ ಮಾತು ಹೇಳಬೇಕಾಯಿತು.

ಫ್ರೆಂಚ್ ನಿಸರ್ಗಶಾಸ್ತ್ರಜ್ಞ ಲಾಸೆಪೆಡ್ 1800ರಲ್ಲಿ ಇದನ್ನು ಮೊದಲ ಬಾರಿಗೆ ವರ್ಣಿಸಿದ. ಬೆಳೆದ ಹಾವು ಮೊಳದಿಂದ ಒಂದೂವರೆ ಮೊಳ, ಕೆಲವು ಅದಕ್ಕೂ ಉದ್ದ. ಮೈ ಒರಟು, ಒಂದೊಂದು ಚಿಪ್ಪಿನ ನಡುವೆಯೂ ಏಣು. ಬಣ್ಣ ಬೂದಿ ಅಥವಾ ಕಂದು, ಅದರ ಮೇಲೆ ಉದ್ದುದ್ದ ಪಟ್ಟೆ ಇಲ್ಲವೆ ಮಚ್ಚೆ. ಎಷ್ಟೋ ಸಲ ಮೈಮೇಲೆ ಪಾಚಿಯೂ ಹಬ್ಬಿರುತ್ತದೆ. ಪೊರೆ ಬಿಟ್ಟಾಗ ಅದೂ ಜೊತೆಗೆ ಕಳಚುತ್ತದೆ. ಮೂಗಿನ ಹೊಳ್ಳೆಗಳು ಮೂತಿಯ ಮೇಲ್ಭಾಗದಲ್ಲಿದ್ದು, ನೀರಿಗಿಳಿದಾಗ ಮುಚ್ಚಿಕೊಳ್ಳುತ್ತವೆ. ಒಮ್ಮೆ ಉಸಿರೆಳೆದುಕೊಂಡರೆ ಅರ್ಧ ಗಂಟೆಯವರೆಗೂ ಒಳಗಿರಬಲ್ಲದು.

ನೆಲದ ಮೇಲೆ ಬಿಟ್ಟರೆ ಅದು ನಿಸ್ಸಹಾಯಕ. ಹೊಟ್ಟೆಯ ಅಡಿಯ ಚಿಪ್ಪುಗಳು ಕಿರಿದಾದ್ದರಿಂದ ನೆಲವನ್ನು ಹಿಡಿದು ಮುಂದೆ ಸಾಗಲು ಆಗುವುದಿಲ್ಲ. ಕೈಗೆತ್ತಿಕೊಂಡರೆ ಸೆಣಸುವುದಿಲ್ಲ, ಕಚ್ಚಲು ತಿರುಗುವುದೂ ಅಪರೂಪ. ಮೈಯೆಲ್ಲ ಬಿಗಿದುಕೊಂಡು ಒಣಕಟ್ಟಿಗೆಯಾಗಿಬಿಡುತ್ತದೆ. ಬಾಯಿಯ ಹಿಂಭಾಗದಲ್ಲಿ ಸಣ್ಣ ವಿಷದ ಹಲ್ಲುಗಳಿವೆ. ಅವು ಮೀನಿಗೆ ಸಾಕು, ಮನುಷ್ಯರಿಗೆ ಅಪಾಯವಿಲ್ಲ. ಮೊಟ್ಟೆ ಇಡಲೂ ಇದು ದಡ ಹತ್ತಬೇಕಿಲ್ಲ. ನೀರಿನೊಳಗೇ ಮರಿ ಹಾಕುತ್ತದೆ, ಮರಿಗಳು ಹುಟ್ಟುತ್ತಲೇ ಈಜುತ್ತವೆ.

ಮೀನಿನ ಜೀವರಕ್ಷಣೆಯೇ ಹಾವಿನ ಬಲೆ

ಈ ಹಾವನ್ನು ಗಾಜಿನ ತೊಟ್ಟಿಯಲ್ಲಿಟ್ಟು ಗಮನಿಸಿದ್ದರಿಂದ ಸಿಕ್ಕ ಅತಿದೊಡ್ಡ ತಿಳಿವಳಿಕೆಯನ್ನು ಇಲ್ಲಿ ಸಾವಧಾನವಾಗಿ ನೋಡಬೇಕು. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಕೆನೆತ್ ಕಟಾನಿಯಾ 2009ರಲ್ಲಿ ಅದನ್ನು ಪ್ರಕಟಿಸಿದರು.

ಮೊದಲು ಮೀನಿನ ವಿಷಯ. ಕೆರೆಯ ದಡದಲ್ಲಿ ಕಾಲು ಊರಿದೊಡನೆ ಮರಿಮೀನುಗಳು ದಿಕ್ಕಾಪಾಲಾಗುವುದನ್ನು ಎಲ್ಲರೂ ನೋಡಿದ್ದೇವೆ. ನೀರಿನ ಒತ್ತಡದ ಅಲೆ ಒಂದು ಬದಿಯಿಂದ ತಟ್ಟಿದರೆ ಸಾಕು, ಮೀನು ಬಿಲ್ಲಿನಂತೆ ಬಾಗಿ ಎದುರು ದಿಕ್ಕಿಗೆ ಚಿಮ್ಮುತ್ತದೆ. ಇದಕ್ಕೆಂದೇ ಅದರ ಮಿದುಳಿನಲ್ಲಿ ಎರಡು ದೊಡ್ಡ ನರಕೋಶಗಳಿವೆ, ಎಡಕ್ಕೊಂದು, ಬಲಕ್ಕೊಂದು. ಯಾವುದು ಮೊದಲು ಮಿಡಿಯುತ್ತದೋ ಅದು ಇನ್ನೊಂದನ್ನು ತಡೆದುಬಿಡುತ್ತದೆ. ಶಬ್ದ ತಟ್ಟಿದ ಮೇಲೆ ಸೆಕೆಂಡಿನ ನೂರನೇ ಒಂದು ಭಾಗವೂ ಕಳೆಯುವುದರೊಳಗೆ ಮೀನು ಬಾಗಲು ಶುರುಮಾಡಿರುತ್ತದೆ. ಒಮ್ಮೆ ಬಾಗತೊಡಗಿದರೆ ತಿರುಗಿ ಯೋಚಿಸಿ ದಿಕ್ಕು ಬದಲಿಸುವ ಮಾತಿಲ್ಲ. ಕೋಟ್ಯಂತರ ವರ್ಷಗಳಿಂದ ಮೀನುಗಳ ಜೀವ ಉಳಿಸಿದ ಉಪಾಯವಿದು.

ಇನ್ನು ಹಾವು. ಬಾಲವನ್ನು ಬೇರಿಗೋ ಗಿಡಕ್ಕೋ ಸುತ್ತಿ, ಕುತ್ತಿಗೆಯನ್ನು ಹಿಂದಕ್ಕೆ ಮಡಚಿ, ಕೊಕ್ಕೆಯ ಆಕಾರದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ತಲೆ ಒಂದು ಕಡೆ, ಮೈ ಇನ್ನೊಂದು ಕಡೆ, ನಡುವೆ ಒಂದು ಸಣ್ಣ ಜಾಗ. ಮೀನು ಆ ಜಾಗಕ್ಕೆ ಬರುವವರೆಗೂ ಅಲುಗಾಟವಿಲ್ಲ. ಬಂದೊಡನೆ ಹಾವು ತಲೆಗಿಂತ ಮೊದಲು ಮೈಯನ್ನು ಒಂದು ಚೂರು ಅದುರಿಸುತ್ತದೆ. ಅಲೆ ಮೈಯ ಕಡೆಯಿಂದ ಮೀನಿಗೆ ತಟ್ಟುತ್ತದೆ. ಮೀನು ಅದರಿಂದ ದೂರ ಹೋಗಲು ಚಿಮ್ಮುತ್ತದೆ. ದೂರವೆಂದರೆ ಎಲ್ಲಿಗೆ? ಹಾವಿನ ಬಾಯಿಯ ಕಡೆಗೆ.

ಕಟಾನಿಯಾ ಅತಿವೇಗದ ಕ್ಯಾಮೆರಾದಲ್ಲಿ ಇಂಥ ದಾಳಿಗಳನ್ನು ಚಿತ್ರೀಕರಿಸಿದರು. ಮೀನು ಹಾವಿನ ತಲೆಗೆ ಸಮಾನಾಂತರವಾಗಿದ್ದ 120 ಸಂದರ್ಭಗಳಲ್ಲಿ ಶೇಕಡ 78ರಷ್ಟು ಸಲ ಮೀನು ತಿರುಗಿದ್ದು ಹಾವಿನ ತಲೆಯತ್ತಲೇ. ಹಾವು ಮೀನು ಇರುವ ಜಾಗಕ್ಕೆ ಗುರಿಯಿಡುವುದಿಲ್ಲ, ಅದು ಇನ್ನೇನು ಬರಲಿರುವ ಜಾಗಕ್ಕೆ ಗುರಿಯಿಡುತ್ತದೆ ಎಂಬುದೂ ಆ ಚಿತ್ರಗಳಲ್ಲಿ ಕಂಡಿತು. ಇಡೀ ದಾಳಿ ಮುಗಿಯಲು ಸೆಕೆಂಡಿನ ಐವತ್ತನೇ ಒಂದು ಭಾಗ ಹಿಡಿಯುತ್ತದೆ. ಕಣ್ಣು ಮಿಟುಕಿಸಲು ಅದರ ಹಲವು ಪಟ್ಟು ಸಮಯ ಬೇಕು.

ಹಾವು ಇದನ್ನು ಅನುಭವದಿಂದ ಕಲಿಯುತ್ತದೆಯೇ? ಮರುವರ್ಷ ಅದಕ್ಕೂ ಉತ್ತರ ಸಿಕ್ಕಿತು. ಆಗಷ್ಟೇ ಹುಟ್ಟಿದ, ಒಂದು ಮೀನನ್ನೂ ಹಿಡಿದಿರದ ಮರಿಗಳ ಮುಂದೆ, ಕಣ್ಣಿಗೆ ಕಂಡರೂ ಬಾಯಿಗೆ ಸಿಗದಂತೆ ಪಾರದರ್ಶಕ ತಡೆಯ ಆಚೆ ಮೀನು ಬಿಟ್ಟರು. ಮರಿಗಳೂ ಮೀನಿನ ಮುಂದಿನ ನೆಲೆಗೇ ಗುರಿಯಿಟ್ಟವು. ಅಂದರೆ ಈ ಲೆಕ್ಕಾಚಾರ ಅವುಗಳಿಗೆ ಹುಟ್ಟಿನಿಂದಲೇ ಬಂದದ್ದು.

ಮೀಸೆಯ ಗುಟ್ಟು ಬಯಲಾದದ್ದೂ ಹೀಗೆ ತೊಟ್ಟಿಯಲ್ಲೇ. ಮೀನಿಗೆ ಆಸೆ ತೋರಿಸುವ ಎರೆ ಇರಬಹುದೆಂದು ಕೆಲವರು, ಗಿಡದ ಚಿಗುರಿನಂತೆ ಕಂಡು ಮರೆಮಾಚಲು ಇರಬಹುದೆಂದು ಕೆಲವರು ಬಹುಕಾಲ ಊಹಿಸಿದ್ದರು. ಆ ಎಳೆಗಳ ತುಂಬ ನರಗಳಿದ್ದು, ನೀರಿನ ಅತಿಸಣ್ಣ ಚಲನೆಗೂ ಅವು ಸ್ಪಂದಿಸುತ್ತವೆ ಎಂದು 2010ರ ಅಧ್ಯಯನ ತೋರಿಸಿತು. ಕಣ್ಣಿಗೆ ಬೇಕಾದ ಬೆಳಕು ಒಂದಿಷ್ಟೂ ಇಲ್ಲದೆ, ಅವಕೆಂಪು ಕಿರಣಗಳ ಕ್ಯಾಮೆರಾ ಮಾತ್ರ ನೋಡುತ್ತಿದ್ದಾಗಲೂ ಹಾವು ಮೀನು ಹಿಡಿಯಿತು. ಕೆಸರು ನೀರಿನಲ್ಲಿ, ನಡುರಾತ್ರಿಯಲ್ಲಿ ಈ ಮೀಸೆಯೇ ಅದಕ್ಕೆ ದಾರಿ ತೋರುತ್ತದೆ.

ತಿಳಿನೀರೇ ಅಪಾಯ

ಇಷ್ಟು ತಿಳಿದ ಮೇಲೆ ತೊಟ್ಟಿ ಹೇಗಿರಬೇಕೆಂಬುದು ತಾನಾಗಿಯೇ ಅರ್ಥವಾಗುತ್ತದೆ. ಬಿರುಸಾಗಿ ನೀರು ಚಿಮ್ಮಿಸುವ ಫಿಲ್ಟರ್ ಹಾಕಿದರೆ ಮೀಸೆಯ ಗ್ರಹಿಕೆಗೆ ಅಡ್ಡಿ, ಹಾವಿಗೆ ಕೊಕ್ಕೆಯ ಭಂಗಿಯಲ್ಲಿ ನಿಲ್ಲಲೂ ಆಗುವುದಿಲ್ಲ. ಬಾಲ ಸುತ್ತಲು ಬೇರು, ಕೊಂಬೆ, ಗಿಡ ಬೇಕೇ ಬೇಕು. ನೀರು ಬಹಳ ಆಳ ಇರಕೂಡದು. ಬಾಲದ ಹಿಡಿತ ಬಿಡದೆ ಮೂತಿ ಮೇಲೆತ್ತಿ ಉಸಿರಾಡುವಂತಿರಬೇಕು. ಬೆಳಕು ಮಂದವಾಗಿರಬೇಕು.

ಹೊಸಬರು ಎಡವುವುದು ನೀರಿನ ಗುಣದಲ್ಲಿ. ಅಕ್ವೇರಿಯಂ ಎಂದರೆ ಪಳಪಳ ಹೊಳೆಯುವ ನೀರು ಎಂಬ ಕಲ್ಪನೆ ನಮ್ಮೆಲ್ಲರದು. ಮೀಸೆಹಾವನ್ನು ನಲ್ಲಿಯ ತಿಳಿನೀರಿಗೆ, ಅದರಲ್ಲೂ ನಮ್ಮ ಬೋರ್‌ವೆಲ್ ನೀರಿನಂಥ ಗಡುಸು ನೀರಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಮೈಮೇಲೆ ಬಿಳಿ ಮಚ್ಚೆಗಳು ಏಳುತ್ತವೆ. ಅದು ಬೂಸ್ಟು, ಚರ್ಮಕ್ಕೆ ತಗಲುವ ಶಿಲೀಂಧ್ರ. ಮಚ್ಚೆ ಹುಣ್ಣಾಗುತ್ತದೆ, ಪೊರೆ ಚೂರುಚೂರಾಗಿ ಕಳಚುತ್ತದೆ, ಹಾವು ತಿನ್ನುವುದನ್ನು ಬಿಡುತ್ತದೆ.

ಅದು ಹುಟ್ಟಿ ಬೆಳೆದ ನೀರಿನಲ್ಲಿ ಎಲೆ, ಹುಲ್ಲು, ಕಡ್ಡಿ ಕೊಳೆಯುತ್ತಿರುತ್ತವೆ. ಅವುಗಳ ಒಗರು ನೀರಿಗಿಳಿದು ಬಣ್ಣ ಕಂದಾಗುತ್ತದೆ, ಗುಣ ಸ್ವಲ್ಪ ಆಮ್ಲೀಯವಾಗುತ್ತದೆ. ಅಂಥ ನೀರಿನಲ್ಲಿ ಬೂಸ್ಟು, ಬ್ಯಾಕ್ಟೀರಿಯ ಸುಲಭವಾಗಿ ಹೆಚ್ಚುವುದಿಲ್ಲ. ಅನುಭವಿ ಪಾಲಕರು ಇದನ್ನೇ ತೊಟ್ಟಿಯಲ್ಲೂ ತರುತ್ತಾರೆ. ಅವರು ಬಳಸುವ ವಸ್ತು ನಮಗೆ ಚಿರಪರಿಚಿತ: ಶಾಲೆಯಂಗಳ, ಬಸ್ ನಿಲ್ದಾಣ, ಪಾರ್ಕುಗಳಲ್ಲಿ ಅಂತಸ್ತು ಅಂತಸ್ತಾಗಿ ಕೊಂಬೆ ಚಾಚಿ ನಿಲ್ಲುವ ಕಾಡುಬಾದಾಮಿಯ ಒಣಗಿದ ಎಲೆ. ನಾವು ಗುಡಿಸಿ ಸುಡುವ ಆ ಎಲೆಯನ್ನು ಜಗತ್ತಿನಾದ್ಯಂತ ಮೀನು ಸಾಕುವವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ.

ಆದರೆ ಆಮ್ಲೀಯ ನೀರಿಗೆ ಅದರದೇ ಒಂದು ತೊಡಕಿದೆ. ಹಾವು ಮತ್ತು ಮೀನುಗಳ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಫಿಲ್ಟರಿನಲ್ಲಿ ನೆಲೆಸಿ ಅದನ್ನು ಒಡೆಯುವ ಉಪಕಾರಿ ಬ್ಯಾಕ್ಟೀರಿಯಗಳು ಆಮ್ಲೀಯ ನೀರಿನಲ್ಲಿ ಮಂಕಾಗುತ್ತವೆ. ಹಾಗೆ ಉಳಿದ ಅಮೋನಿಯ ಆ ನೀರಿನಲ್ಲಿ ಹೆಚ್ಚು ಹಾನಿಯಿಲ್ಲದ ರೂಪದಲ್ಲಿರುತ್ತದೆ. ಅಪಾಯ ಬರುವುದು ಯಜಮಾನ ಒಳ್ಳೆಯದನ್ನೇ ಮಾಡಲು ಹೊರಟಾಗ. ‘ನೀರು ಕೊಳಕಾಯಿತು’ ಎಂದು ಅರ್ಧ ತೊಟ್ಟಿ ಖಾಲಿ ಮಾಡಿ ನಲ್ಲಿ ನೀರು ತುಂಬಿಸುತ್ತಾನೆ. ನೀರಿನ ಗುಣ ಒಮ್ಮೆಗೇ ಬದಲಾಗಿ ಅಡಗಿದ್ದ ಅಮೋನಿಯ ವಿಷವಾಗುತ್ತದೆ. ಮೀನುಗಳು ಮೊದಲು ಸಾಯುತ್ತವೆ, ಹಾವಿನ ಚರ್ಮ ಉರಿಯುತ್ತದೆ. ಹೊಸ ನೀರನ್ನು ಎಲೆ ಹಾಕಿ ಮೊದಲೇ ಹದಮಾಡಿ ಇಟ್ಟು, ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಬದಲಿಸುವುದೇ ಸರಿಯಾದ ಕ್ರಮ. ಈ ತಾಳ್ಮೆ ಇಲ್ಲದವರ ಬಳಿ ಮೀಸೆಹಾವು ಬಾಳುವುದಿಲ್ಲ.

ಬೆಚ್ಚಗೂ ಇರಬೇಕು. ನೀರು 26ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಹೀಟರಿಗೆ ರಕ್ಷಣಾಕವಚ ಹಾಕದಿದ್ದರೆ ಹಾವು ಅದನ್ನೇ ಕೊಂಬೆಯೆಂದು ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ. ನೀರು ಬೆಚ್ಚಗಿದ್ದು ಮೇಲಿನ ಗಾಳಿ ತಣ್ಣಗಿದ್ದರೆ ಶ್ವಾಸಕೋಶದ ಸೋಂಕು ಬರುತ್ತದೆ. ಹಾಗಾಗಿ ಗಟ್ಟಿಯಾದ ಮುಚ್ಚಳವೂ ಬೇಕು.

ಜೀವಂತ ಮೀನಲ್ಲದೆ ಬೇರೆ ಊಟವಿಲ್ಲ

ಇಲಿ ತಿನ್ನುವ ಹಾವಿಗೆ ಸತ್ತ ಇಲಿಯನ್ನು ಅಭ್ಯಾಸ ಮಾಡಿಸಬಹುದು. ಮೀಸೆಹಾವಿನ ಬೇಟೆಯೆಲ್ಲ ಮೀನಿನ ಚಲನೆಯ ಮೇಲೆಯೇ ನಿಂತಿದೆ. ಸತ್ತ ಮೀನನ್ನು ಇಕ್ಕಳದಲ್ಲಿ ಹಿಡಿದು ಆಡಿಸಿದರೆ ಅದು ಕಣ್ಣೆತ್ತಿಯೂ ನೋಡದಿರುವುದೇ ಹೆಚ್ಚು. ಆದ್ದರಿಂದ ಸಾಕುವವರು ಜೀವಂತ ಮೀನನ್ನೇ ಬಿಡಬೇಕು, ವರ್ಷವಿಡೀ ಬಿಡುತ್ತಲೇ ಇರಬೇಕು. ಇದು ಮನಸ್ಸಿಗೆ ಒಗ್ಗದವರು ಈ ಹಾವಿನ ಆಸೆ ಬಿಡುವುದೇ ಸರಿ.

ಮೀನು ಕಡಿಮೆಯಾದರೆ ಅವು ಹಾವಿನ ಮುಂದೆ ಸುಳಿಯುವುದೇ ಇಲ್ಲ, ಏಕೆಂದರೆ ಈ ಹಾವು ಬೆನ್ನಟ್ಟುವುದಿಲ್ಲ. ಹೆಚ್ಚಾದರೆ ನೀರು ಕೆಡುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಬರೀ ಗೋಲ್ಡ್‌ಫಿಶ್ ಕೊಡುವವರಿದ್ದಾರೆ. ಆ ಮೀನಿನ ಮೈಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿದೆ. ಅದನ್ನೇ ತಿಂದ ಹಾವು ಮೇಲ್ನೋಟಕ್ಕೆ ಹೊಟ್ಟೆತುಂಬಿದಂತೆ ಕಂಡರೂ ಕ್ರಮೇಣ ನರದೌರ್ಬಲ್ಯಕ್ಕೆ ಬಿದ್ದು ನಡುಗತೊಡಗುತ್ತದೆ. ಗಪ್ಪಿಯಂಥ ಸಣ್ಣ ಮೀನುಗಳನ್ನು ಬೇರೆ ತೊಟ್ಟಿಯಲ್ಲಿ ತಾವೇ ಬೆಳೆಸಿ, ರೋಗ ಇಲ್ಲವೆಂದು ನೋಡಿಕೊಂಡು ಕೊಡುವುದು ಕ್ಷೇಮ. ಹಾಗೆ ಒಂದು ಹಾವಿಗಾಗಿ ಮನೆಯಲ್ಲಿ ಒಂದು ಸಣ್ಣ ಮೀನು ಸಾಕಣೆ ಕೇಂದ್ರವೇ ಶುರುವಾಗುತ್ತದೆ.

ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ರಾಷ್ಟ್ರೀಯ ಮೃಗಾಲಯದಂಥ ಸಂಸ್ಥೆಗೂ ಮೀಸೆಹಾವಿನ ಮರಿ ಮಾಡಿಸಲು ವರ್ಷಗಟ್ಟಲೆ ಪ್ರಯತ್ನ ಬೇಕಾಯಿತು. 2012ರಲ್ಲಿ ಅಲ್ಲಿ ಎಂಟು ಮರಿ ಹುಟ್ಟಿದ್ದು ಸುದ್ದಿಯೇ ಆಯಿತು. ಪಶುವೈದ್ಯರು, ಪ್ರಯೋಗಾಲಯ, ದಿನವಿಡೀ ನೋಡಿಕೊಳ್ಳುವ ಸಿಬ್ಬಂದಿ ಎಲ್ಲ ಇರುವ ಜಾಗದ ಕಥೆಯೇ ಹೀಗೆ.

ಟೋನ್ಲೆ ಸಾಪ್‌ನ ಬಲೆಗಳು

ತೊಟ್ಟಿಯಲ್ಲಿ ಹುಟ್ಟಿದ ಮರಿ ಅಪರೂಪವಾದ್ದರಿಂದ ಮಾರುಕಟ್ಟೆಗೆ ಬರುವವು ಹೆಚ್ಚಾಗಿ ಕಾಡಿನ ನೀರಿನಿಂದ ಹಿಡಿದವು. ಆ ನೀರಿನ ಪರಿಸ್ಥಿತಿ ತಿಳಿಯಲು ಕಾಂಬೋಡಿಯದ ಟೋನ್ಲೆ ಸಾಪ್ ಸರೋವರಕ್ಕೆ ಹೋಗಬೇಕು. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ಸರೋವರದಿಂದ ಹೊರಹರಿಯಬೇಕಾದ ಹೊಳೆ ಹಿಂದಕ್ಕೆ ಹರಿಯತೊಡಗುತ್ತದೆ. ಸರೋವರ ಹಲವು ಪಟ್ಟು ಹಿಗ್ಗಿ ಕಾಡನ್ನೇ ಮುಳುಗಿಸುತ್ತದೆ. ಮೀನಿಗೆ ಅದು ಸುಗ್ಗಿ, ಮೀನು ತಿನ್ನುವ ನೀರುಹಾವುಗಳಿಗೂ ಸುಗ್ಗಿ.

ಜನ ಅಲ್ಲಿ ನೀರುಹಾವುಗಳನ್ನು ಬಲೆಯಲ್ಲಿ ಹಿಡಿಯುತ್ತಾರೆ. ಮೀನಿನ ಇಳುವರಿ ಕುಸಿದಂತೆ ಈ ಬೇಟೆ ಏರಿತು. ಈ ಶತಮಾನದ ಮೊದಲ ದಶಕದಲ್ಲಿ ನಡೆದ ಸಮೀಕ್ಷೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 69 ಲಕ್ಷ ಹಾವುಗಳು ಆ ಒಂದೇ ಸರೋವರದಿಂದ ಹೊರಬೀಳುತ್ತಿದ್ದವು. ಜಗತ್ತಿನಲ್ಲಿ ಒಂದೇ ಕಡೆ ಇಷ್ಟು ದೊಡ್ಡ ಪ್ರಮಾಣದ ಹಾವಿನ ಬೇಟೆ ಬೇರೆಲ್ಲೂ ದಾಖಲಾಗಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಮೊಸಳೆ ಸಾಕಣೆ ಕೇಂದ್ರಗಳಿಗೆ ಆಹಾರವಾಗಿ ಹೋಗುತ್ತಿತ್ತು. ಕೆಲವು ಚರ್ಮಕ್ಕೆ, ಕೆಲವು ಮನುಷ್ಯರ ಊಟಕ್ಕೆ. ಬಲೆಗೆ ಸಿಗುವವು ಬಹುಪಾಲು ಇದೇ ಕುಟುಂಬದ ಬೇರೆ ಪ್ರಭೇದಗಳು, ಅವುಗಳ ನಡುವೆ ಮೀಸೆಹಾವೂ ಇರುತ್ತದೆ.

ಹಾಗೆ ನೋಡಿದರೆ ಹವ್ಯಾಸಿಗಳ ಕೈ ಸೇರುವ ಹಾವುಗಳ ಸಂಖ್ಯೆ ಏನೇನೂ ಅಲ್ಲ. ಆದರೆ ಆ ಒಂದೊಂದು ಹಾವಿನ ಪಾಡು ಬೇರೆ. ಬಲೆಯಲ್ಲಿ ಉಜ್ಜಿ ಗಾಯವಾದ ಮೂತಿ, ಪ್ಲಾಸ್ಟಿಕ್ ಚೀಲದಲ್ಲಿ ಕಳೆದ ದಿನಗಳು, ಕೊನೆಗೆ ತಪ್ಪು ನೀರು. ಮೀಸೆಯ ತುದಿ ಹರಿದಿದ್ದರೂ ಕೊಳ್ಳುವವನಿಗೆ ತಿಳಿಯುವುದಿಲ್ಲ.

ಬ್ಯಾಂಕಾಕ್‌ನಿಂದ ಬೆಂಗಳೂರಿಗೆ

ಈ ಕಥೆ ನಮ್ಮಿಂದ ದೂರದ್ದೆನ್ನುವಂತಿಲ್ಲ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 55 ಬಾಲ್ ಪೈಥಾನ್ ಹಾವುಗಳು, 17 ಕಾಳಿಂಗಗಳು ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಮಂಗಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಮತ್ತೊಬ್ಬ ಪ್ರಯಾಣಿಕನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡಗಳಿದ್ದವು. ಸಿಕ್ಕಿಬಿದ್ದವು ಇವು. ಮನೆಯಲ್ಲಿ ವಿಚಿತ್ರ ಪ್ರಾಣಿ ಇಟ್ಟುಕೊಂಡು ವಿಡಿಯೊ ಹಾಕುವ ಚಟ ಇಲ್ಲೂ ಬೇರುಬಿಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ದೇಶದ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂಬ ನಿಯಮವನ್ನು 2022ರ ತಿದ್ದುಪಡಿ ತಂದಿತು. ಮೀಸೆಹಾವು ಆ ಪಟ್ಟಿಯಲ್ಲಿಲ್ಲ. ಹಾಗೆಂದು ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಯಾವ ಜೀವಂತ ಪ್ರಾಣಿಯಾದರೂ ಆಮದು ಪರವಾನಗಿ, ಆರೋಗ್ಯ ತಪಾಸಣೆ ದಾಟಿಯೇ ಬರಬೇಕು. ಸಾಕಲಾರದೆ ಜನ ಕೆರೆಗೆ ಬಿಟ್ಟ ಕೆಂಪುಕಿವಿಯ ವಿದೇಶಿ ಆಮೆಗಳು ಇಂದು ನಮ್ಮ ಕೆರೆಗಳಲ್ಲಿ ಕಾಣಸಿಗುತ್ತಿರುವುದನ್ನು ನೋಡಿದರೆ ಈ ಬಿಗಿ ಏಕೆ ಬೇಕೆಂದು ತಿಳಿಯುತ್ತದೆ.

ಕಟಾನಿಯಾ ಅವರ ತೊಟ್ಟಿಯಲ್ಲಿದ್ದ ಹಾವುಗಳು ಮೀನಿನ ಮಿದುಳಿನ ಬಗ್ಗೆಯೂ ನಮಗೆ ಕಲಿಸಿದವು. ಮೃಗಾಲಯದ ತೊಟ್ಟಿ ಸಾವಿರಾರು ಮಕ್ಕಳಿಗೆ ಒಂದು ಅದ್ಭುತವನ್ನು ತೋರಿಸುತ್ತದೆ. ಅಂಥ ಸೆರೆಗೆ ಒಂದು ಅರ್ಥವಿದೆ ಎಂದು ನಾನು ನಂಬುತ್ತೇನೆ. ಮನೆಯ ಹಜಾರದ ಶೋಕಿಗೆ ಅದನ್ನು ಇಟ್ಟುಕೊಳ್ಳುವುದನ್ನು ಒಪ್ಪಲಾರೆ. ಕಾನೂನು ಅನುಮತಿಸುವ ದೇಶಗಳಲ್ಲಿರುವ ಕನ್ನಡಿಗರು ಸಾಕಲೇಬೇಕೆಂದಿದ್ದರೆ ಒಂದು ಕೆಲಸ ಮಾಡಲಿ: ಮೊದಲು ತೊಟ್ಟಿ, ಎಲೆ, ಗಪ್ಪಿಗಳನ್ನಷ್ಟೇ ಇಟ್ಟು ಆರು ತಿಂಗಳು ನೀರನ್ನು ಹದದಲ್ಲಿ ಉಳಿಸಿ ನೋಡಲಿ. ಆಮೇಲೆ ತೊಟ್ಟಿಯಲ್ಲೇ ಹುಟ್ಟಿದ ಮರಿಗಾಗಿ ಕೇಳಲಿ, ಮಾರುವವನು ಅದಕ್ಕೆ ಪುರಾವೆ ತೋರಿಸದಿದ್ದರೆ ವಾಪಸು ಬರಲಿ.

ಈ ಕುಟುಂಬದ ಹಾವನ್ನು ನೋಡುವ ಆಸೆಯಿರುವವರಿಗೆ ನಮ್ಮ ಕರಾವಳಿಯೇ ಇದೆ. ಅಳಿವೆಗಳ ಕೆಸರಿನಲ್ಲಿ, ಕಾಂಡ್ಲಾ ಗಿಡಗಳ ಬುಡದಲ್ಲಿ ಸೆರ್ಬೆರಸ್ ಎಂಬ ನಾಯಿಮುಖದ ನೀರುಹಾವು ವಾಸಿಸುತ್ತದೆ. ರಾತ್ರಿ ಇಳಿತದ ಹೊತ್ತು ತೆಳುನೀರಿನಲ್ಲಿ ಮೀನಿಗಾಗಿ ಕಾಯುತ್ತಿರುತ್ತದೆ. ಟಾರ್ಚ್ ಹಿಡಿದು ದಡದಿಂದಲೇ ನೋಡಬಹುದು. ಮುಟ್ಟಲು ಮಾತ್ರ ಹೋಗಬಾರದು. ಅದು ಅಪಾಯಕಾರಿ ಎಂದಲ್ಲ, ಅದೇ ಅಳಿವೆಗೆ ಕಡುವಿಷದ ಕಡಲಹಾವುಗಳೂ ಬರುತ್ತವೆ, ಎದುರಿಗಿರುವುದು ಯಾವುದೆಂದು ಕತ್ತಲಲ್ಲಿ ಗುರುತಿಸುವುದು ಕಷ್ಟ. ಚಪ್ಪಟೆಯಾದ, ಹುಟ್ಟಿನ ಆಕಾರದ ಬಾಲವಿದ್ದರೆ ಅದು ಕಡಲಹಾವು. ಬಾಲ ದುಂಡಗಿದ್ದು ಕಣ್ಣುಗಳು ನೆತ್ತಿಯ ಹತ್ತಿರವಿದ್ದರೆ ನಾಯಿಮುಖದ್ದು. ಎರಡರಲ್ಲಿ ಯಾವುದಾದರೂ ಸರಿ, ಮೀನಿನ ಬಲೆಗೆ ಸಿಕ್ಕಿಕೊಂಡಿದ್ದರೆ ಉದ್ದ ಕೋಲಿನಿಂದ ಬಲೆ ಸಡಿಲಿಸಿ ನೀರಿಗೆ ಬಿಡಬೇಕು. ಬಿಡಿಸಲಾಗದಷ್ಟು ಸುತ್ತಿಕೊಂಡಿದ್ದರೆ ಬಲೆಯ ಆ ಭಾಗವನ್ನೇ ದೂರದಿಂದ ಕತ್ತರಿಸಬೇಕು.